ಡ್ರೈವರಮ್ಮ ಆರಿಸಿದ ಬಗ್ಗಿ

ಡ್ರೈವರಮ್ಮ ಬಸ್ಸು ಬಿಟ್ಟ ಮೇಲೆ ಬೀದಿಯವರು ಆ ಹೆಸರನ್ನೂ ಬಿಟ್ಟುಬಿಟ್ಟರು. ಪಾಪ, ಕೆಟ್ಟ ಮನಸ್ಸಿನಿಂದಲ್ಲ. ಹಾಗೆ ಕರೆದರೆ ಎಲ್ಲಿ ನೊಂದುಕೊಳ್ಳುತ್ತಾಳೋ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡು, "ಹೇಗಿದ್ದೀರಿ ಅಕ್ಕಾ" ಎಂದು ಮೆತ್ತಗೆ ವಿಚಾರಿಸತೊಡಗಿದರು. ಆ ಮೆತ್ತನೆಯ ದನಿ ಕೇಳಿದರೇ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಬೀದಿಯವರು ಬಿಟ್ಟರೆ ಬಿಡಲಿ, ನಾವು ಬಿಡುವುದು ಬೇಡ. ಈ ಕತೆಯಲ್ಲಿ ಅವಳು ಡ್ರೈವರಮ್ಮನೇ.

ಆದದ್ದಿಷ್ಟು. ವರ್ಷಗಟ್ಟಲೆ ಸಿಟಿ ಬಸ್ಸು ಓಡಿಸಿದವಳು ಒಂದು ಬೆಳಗ್ಗೆ ಡಿಪೋದಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದಾಗಲೇ ನೆಲಕ್ಕೆ ಬಿದ್ದಳು. ಕಣ್ಣು ಬಿಟ್ಟಾಗ ಆಸ್ಪತ್ರೆ. ಫಿಟ್ಸ್ ಎಂದರು. ಮಾತ್ರೆ ಕೊಟ್ಟರು. ಮಾತ್ರೆ ಹಿಡಿಸಿತು, ಆಮೇಲೆ ಫಿಟ್ಸ್ ಮತ್ತೆ ಬರಲಿಲ್ಲ. ಆದರೆ ಒಮ್ಮೆ ಬಂದವರ ಕೈಗೆ ಬಸ್ಸು ಕೊಡುವ ಹಾಗಿಲ್ಲವಲ್ಲ. ಬಸ್ಸಿನ ತುಂಬ ಜನ ಇರುತ್ತಾರೆ, ಅದು ಅವಳಿಗೂ ಗೊತ್ತು. ಹಾಗಾಗಿ ಡಿಪೋದವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ.

ಸಿಟ್ಟಿದ್ದದ್ದು ಮನೆಯವರ ಮೇಲೆ. ಅಲ್ಲೂ ಜಗಳ ಆಡುವಂತಿರಲಿಲ್ಲ, ಏಕೆಂದರೆ ಎಲ್ಲರೂ ಪ್ರೀತಿಯಿಂದಲೇ ಪ್ರಾಣ ತಿನ್ನುತ್ತಿದ್ದರು. ತರಕಾರಿ ಹೆಚ್ಚಲು ಕೂತರೆ ಅತ್ತೆ ಬಂದು ಚಾಕು ಇಸಿದುಕೊಳ್ಳುವರು. ಒಲೆಯ ಮುಂದೆ ನಿಂತರೆ ಗಂಡ ಬಂದು ಸೌಟು ಇಸಿದುಕೊಳ್ಳುವರು. ಬಚ್ಚಲಮನೆಯ ಬಾಗಿಲಿಗೆ ಚಿಲಕವೇ ಇಲ್ಲದಂತಾಯಿತು. ಅವಳು ಕೋಣೆಯಿಂದ ಕೋಣೆಗೆ ಹೋದರೆ ಹಿಂದೆಯೇ ಎರಡು ಜೊತೆ ಕಣ್ಣು ಹೋಗುತ್ತಿದ್ದವು. ಕೆಮ್ಮಿದರೆ ಓಡಿ ಬರುತ್ತಿದ್ದರು, ಸುಮ್ಮನಿದ್ದರೆ ಇನ್ನೂ ಜೋರಾಗಿ ಓಡಿ ಬರುತ್ತಿದ್ದರು. ಅವಳಿಗೆ ಬೇಕಾದದ್ದು ದೊಡ್ಡದೇನಲ್ಲ. ಓಡುವಂಥದ್ದು ಏನಾದರೊಂದು ತನ್ನ ಕೈಯಲ್ಲಿರಬೇಕು, ಅದನ್ನು ಇಸಿದುಕೊಳ್ಳಲು ಪಕ್ಕದಲ್ಲಿ ಯಾರೂ ಕೈಯೊಡ್ಡಿ ನಿಂತಿರಬಾರದು. ಇಷ್ಟು ಸಿಗದಿದ್ದರೆ ತಾನು ಮನೆಯ ಪಿಂಗಾಣಿ ಸಾಮಾನಿನ ಜೊತೆ ಗಾಜಿನ ಕಪಾಟು ಸೇರಿದ ಹಾಗೇ ಎಂದು ಅವಳಿಗೆ ನಿಜಕ್ಕೂ ಭಯವಾಗಿತ್ತು.

ಗಂಡನ ವಿಷಯ ಹೇಳದಿದ್ದರೆ ಕತೆ ಮುಂದೆ ಹೋಗುವುದಿಲ್ಲ. ಅವರದು ವಾಹನಗಳ ಹೊಗೆ ತಪಾಸಣೆ ಮಾಡುವ ಕೆಲಸ. ದಿನವಿಡೀ ಕಾರು, ಲಾರಿಗಳ ಹಿಂಬದಿಗೆ ನಳಿಗೆ ತೂರಿಸಿ, ಹೊಗೆ ಹೆಚ್ಚಾದರೆ ಫೇಲು, ಕಡಿಮೆಯಾದರೆ ಪಾಸು. ಬೀದಿಯವರು ಹೊಗೆ ಸಾಹೇಬರು ಎಂದೇ ಕರೆಯುತ್ತಿದ್ದರು. ಪಕ್ಕದ ಮನೆಯಲ್ಲಿ ಬ್ರೆಡ್ಡು ಸೀದರೂ ಇವರ ಮೂಗು ಎದ್ದು ಕೂರುತ್ತಿತ್ತು. ಹೊಗೆ ಕಂಡರೆ ನಿಲ್ಲಿಸುವುದೇ ಅವರ ಹುಟ್ಟುಗುಣ, ಅದಕ್ಕೆ ಸರಿಯಾಗಿ ಕೆಲಸವೂ ಅದೇ ಸಿಕ್ಕಿತ್ತು.

ಒಂದು ಭಾನುವಾರ ಇಬ್ಬರೂ ನೆಂಟರ ಮನೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಡ್ರೈವರಮ್ಮ ಈಗೀಗ ಹಿಂದಿನ ಸೀಟಿನಲ್ಲೇ ಕೂರುವುದು, ಮುಂದೆ ಕೂತರೆ ಬಲಗಾಲು ತಾನಾಗಿ ಬ್ರೇಕು ಹುಡುಕುತ್ತಿತ್ತು. ಗೋದಾಮುಗಳ ಸಾಲು ದಾಟುವಾಗ ಕಿಟಕಿಯಿಂದ ಒಂದು ಶಬ್ದ ಒಳಗೆ ಬಂತು. ಎಂಜಿನ್ನೇ, ಅನುಮಾನವಿಲ್ಲ. ಆದರೆ ಅಷ್ಟು ತೆಳುವಾಗಿ, ಅಷ್ಟು ಸಿಟ್ಟಿನಿಂದ ಕಿರುಚುವ ಎಂಜಿನ್ನನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ. ಗಂಡ ಏನು ಎತ್ತ ಎಂದು ಕೇಳುವುದರೊಳಗೆ ಅವಳು ಗಂಟೆ ಒತ್ತಿ ಇಳಿದೇಬಿಟ್ಟಿದ್ದಳು.

ಗೋದಾಮುಗಳ ಹಿಂದೆ ಮಣ್ಣಿನ ಟ್ರ್ಯಾಕು. ದಿಬ್ಬ, ತಗ್ಗು, ಹೇರ್‌ಪಿನ್ ತಿರುವು ಎಲ್ಲ ಇದ್ದವು, ಆದರೆ ಎಲ್ಲ ಪುಟ್ಟಪುಟ್ಟದು. ಬಗ್ಗಿ ಎಂದು ಕರೆಯುವ ಮೊಳದುದ್ದದ ಗಾಡಿಗಳು ಅದರ ಮೇಲೆ ಮಣ್ಣು ಎರಚುತ್ತ ಹಾರುತ್ತಿದ್ದವು. ಪಕ್ಕದಲ್ಲಿ ಮರದ ಅಟ್ಟಣೆ, ಅದರ ಮೇಲೆ ರಿಮೋಟ್ ಹಿಡಿದ ಗಂಡಸರು ಹೆಂಗಸರು ಸಾಲಾಗಿ ನಿಂತು, ಉಸಿರು ಕಟ್ಟಿ ಕೆಳಗೆ ನೋಡುತ್ತಿದ್ದರು. ಗಾಡಿಗಳ ಹಿಂದೆ ನೀಲಿ ಹೊಗೆ, ಹರಳೆಣ್ಣೆ ಕಾಯಿಸಿದಂಥ ಸಿಹಿ ವಾಸನೆ. ಡ್ರೈವರಮ್ಮ ಬೇಲಿಯ ತಂತಿ ಹಿಡಿದು ನಿಂತವಳು ಕದಲಲಿಲ್ಲ. ಸಾಹೇಬರು ಕರವಸ್ತ್ರ ಮೂಗಿಗೆ ಒತ್ತಿಕೊಂಡು, ಇವುಗಳಲ್ಲಿ ಒಂದೂ ಪಾಸಾಗುವುದಿಲ್ಲ ಎಂದರು.

ಮನೆಗೆ ಬಂದ ಮೇಲೆ ಅವಳು ಒಂದೇ ಮಾತು ಹೇಳಿದಳು. "ರೀ, ನನಗೆ ಅಂಥದ್ದೊಂದು ಬೇಕು. ರೇಸಿಗೆ."

ಬಹಳ ದಿನಗಳ ಮೇಲೆ ಹೆಂಡತಿ 'ಬೇಕು' ಎಂದದ್ದು. ಸಾಹೇಬರಿಗೆ ಬಲು ಖುಷಿಯಾಯಿತು. ಆದರೆ ಖುಷಿಯಾದರೆ ಸುಮ್ಮನಿರುವ ಜನವೇ ಅವರು? ತಾವೇ ಮುಂದೆ ನಿಂತು ವಿಚಾರಿಸತೊಡಗಿದರು. ವಿಚಾರಿಸಿ, ಸಹೋದ್ಯೋಗಿಯೊಬ್ಬರ ಮನೆಯಿಂದ ಬ್ಯಾಟರಿಯ ಗಾಡಿಯೊಂದನ್ನು ಎರವಲು ತಂದರು. ಹೊಗೆಯಿಲ್ಲ, ವಾಸನೆಯಿಲ್ಲ, ಸದ್ದಿಲ್ಲ, ಇಂಧನದ ಬಾಟಲಿಯ ಗೋಜಿಲ್ಲ, ಸ್ವಿಚ್ ಒತ್ತಿದರೆ ಮುಗಿಯಿತು ಎಂದು ಅದರ ಗುಣಗಾನ ಮಾಡಿದರು. ಅವಳು ಹಿತ್ತಲಿನಲ್ಲಿ ಓಡಿಸಿದಳು. ಚೆನ್ನಾಗಿಯೇ ಓಡಿತು, ಸುಳ್ಳು ಹೇಳಬಾರದು. ಆದರೆ ಎಷ್ಟು ಒತ್ತಿದರೂ ಒಂದು ಹದಕ್ಕಿಂತ ಮುಂದೆ ಹೋಗಲೊಲ್ಲದು. ವರ್ಷಗಟ್ಟಲೆ ಪೆಡಲು ತುಳಿದವಳಿಗೆ ಅಷ್ಟು ತಿಳಿಯುವುದಿಲ್ಲವೇ.

"ರೀ, ಇದರ ಕತ್ತು ಹಿಡಿದಿರೋದು ಯಾರು?" ಎಂದಳು.

ವೇಗಕ್ಕೆ ಮಿತಿ ಹಾಕುವ ಗುಂಡಿಯೊಂದು ಇತ್ತಂತೆ, ಸಾಹೇಬರು ಅದನ್ನು ಅರ್ಧಕ್ಕಿಂತ ಕೆಳಗಿಟ್ಟಿದ್ದರಂತೆ, ಸುಮ್ಮನೆ, ಮೊದಲ ದಿನ ಅಂತ. ಡ್ರೈವರಮ್ಮ ರಿಮೋಟನ್ನು ಅವರ ಕೈಗಿಟ್ಟು ಒಳಗೆ ಹೋದಳು. ಅತ್ತೆ ಬಾಗಿಲಲ್ಲೇ ನಿಂತು, ನಿನಗೆ ಸ್ವಲ್ಪವಾದರೂ ಬುದ್ಧಿ ಬೇಡವೇನೋ ಎಂದು ಮಗನನ್ನು ಬಯ್ದರು. ಬಯ್ಯುತ್ತಲೇ ಸೊಸೆ ಎಡವಿಯಾಳೆಂದು ಹಿಂದೆಯೇ ಹೋದರು.

ಮುಂದಿನ ಪ್ರಯಾಣ ಅಂಗಡಿಗೆ. ನೆಲದಿಂದ ಸೂರಿನವರೆಗೆ ಡಬ್ಬಗಳು, ಡಬ್ಬಗಳ ಮೇಲೆ ಬೆಂಕಿಯುಗುಳುವ ಗಾಡಿಗಳ ಚಿತ್ರ. ಅಂಗಡಿಯವನು ಇರುವುದರಲ್ಲೇ ದೊಡ್ಡದನ್ನು ಇಳಿಸಿ, ಸಾಹೇಬರ ಕಡೆಗೇ ತಿರುಗಿ ವರ್ಣಿಸತೊಡಗಿದ. ಇಷ್ಟು ದೊಡ್ಡ ಎಂಜಿನ್ನು ಪೇಟೆಯಲ್ಲಿ ಇನ್ನೆಲ್ಲೂ ಇಲ್ಲ, ಗಾಳಿಯಲ್ಲಿ ಹೋಗುತ್ತದೆ, ನೋಡಿದವರು ಬಾಯಿ ಬಿಡಬೇಕು ಎಂದ. ಡ್ರೈವರಮ್ಮ ಗಾಡಿಯನ್ನು ಎತ್ತಿ ಅಂಗಾತ ಮಲಗಿಸಿದಳು. ಚಕ್ರ ಹಿಡಿದು ಅಲುಗಾಡಿಸಿದಳು. ಡಿಪೋದಲ್ಲಿ ಹೊಸ ಬಸ್ಸು ಬಂದ ದಿನ ಎಲ್ಲರೂ ಬಣ್ಣ ನೋಡುತ್ತಿದ್ದರೆ ಅವಳು ಬಸ್ಸಿನ ಕೆಳಗೆ ಹೋಗಿ ಮಲಗುತ್ತಿದ್ದಳು, ಇದೂ ಅದೇ ಚಾಳಿ.

"ಇದರಲ್ಲಿ ಮೊದಲು ಮುರಿಯೋದು ಯಾವುದು?" ಎಂದು ಕೇಳಿದಳು.

ಅಂಗಡಿಯವನ ಮುಖ ಹುಳ್ಳಗಾಯಿತು. ಏನೂ ಮುರಿಯುವುದಿಲ್ಲ ಎಂದ. ಹಾಗಾದರೂ ಮುರಿದರೆ ಎಂದಳು. ತರಿಸಬೇಕಾಗುತ್ತದೆ, ಸ್ವಲ್ಪ ದಿನ ಹಿಡಿಯುತ್ತದೆ ಎಂದ. ಸ್ವಲ್ಪ ದಿನ ಅಂದರೆ ಎಷ್ಟು ಎಂದದ್ದಕ್ಕೆ ಅವನು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿ, ಹಾಳೆ ತಿರುವಿ, ಇನ್ನೊಂದು ಹಾಳೆಯನ್ನೂ ತಿರುವಿದ. ಡ್ರೈವರಮ್ಮ ಗಾಡಿಯನ್ನು ಮೆಲ್ಲಗೆ ಡಬ್ಬದೊಳಕ್ಕೆ ಇಟ್ಟಳು. ಬಿಡಿಭಾಗ ಸಿಗದ ಬಸ್ಸು ಎಷ್ಟೇ ಹೊಸದಾಗಿರಲಿ, ಡಿಪೋದ ಮೂಲೆಯಲ್ಲಿ ಹಕ್ಕಿಗೆ ಗೂಡಾಗುವುದನ್ನು ಅವಳು ಕಣ್ಣಾರೆ ಕಂಡಿದ್ದಳು.

ಆಮೇಲೆ ಅವಳು ಆರಿಸಿದ ರೀತಿ ನೋಡಿ ಸಾಹೇಬರು ತಲೆ ಮೇಲೆ ಕೈ ಹೊತ್ತರು. ಭಾನುವಾರ ಬಂದರೆ ಟ್ರ್ಯಾಕಿಗೆ ಹೋಗುವುದು, ಬೇಲಿಯ ಬಳಿ ಕೂರುವುದು. ಗೆದ್ದ ಗಾಡಿಯ ಕಡೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ. ಯಾವ ಗಾಡಿ ಮುರಿಯಿತು, ಮುರಿದಾಗ ಅದರ ಮಾಲೀಕ ಎಲ್ಲಿಗೆ ಓಡಿದ, ಯಾರು ಏನು ಎತ್ತಿಕೊಟ್ಟರು, ನೋಡುವುದು ಇಷ್ಟನ್ನೇ. ಬಲು ಬೆಲೆಯ ಹೊಸ ಗಾಡಿಯವನೊಬ್ಬ ಸಣ್ಣದೊಂದು ಕೀಲು ಮುರಿದುಕೊಂಡು ದಿನವಿಡೀ ಕೈಕಟ್ಟಿ ಕೂತಿದ್ದ. ಅದೇ ದಿನ ಬೇಕರಿ ಇಟ್ಟಿದ್ದ ಒಬ್ಬಾತನ ಹಳೆಯ ನಮೂನೆಯ ಬಗ್ಗಿಯ ಮುಂಗಾಲು, ಅಂದರೆ ಮುಂದಿನ ಚಕ್ರ ಹಿಡಿದಿಡುವ ತೋಳು, ಮುರಿಯಿತು. ಅವನು ಬಾಯಿ ತೆರೆಯುವ ಮೊದಲೇ ಆಚೀಚೆ ರಿಪೇರಿ ಮೇಜಿನವರು ಅದೇ ಕಾಲು ಹಿಡಿದುಕೊಂಡು ಬಂದರು. ಏಕೆಂದರೆ ಅಲ್ಲಿದ್ದ ಅರ್ಧಕ್ಕರ್ಧ ಜನರ ಬಳಿ ಅದೇ ನಮೂನೆ.

ಅವಳಿಗೆ ಅಷ್ಟೇ ಸಾಕಾಯಿತು. ನೇರವಾಗಿ ಅವನ ಮೇಜಿಗೆ ಹೋಗಿ, ಈ ತರದ್ದು ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಬೇಕರಿಯವನು ಹೊಟ್ಟೆ ಕುಣಿಸಿ ನಗುವ ಮನುಷ್ಯ. ಇಲ್ಲಿ ಬಂದವರೆಲ್ಲ ಯಾವುದು ಜೋರಾಗಿ ಓಡುತ್ತದೆ ಎಂದು ಕೇಳುತ್ತಾರೆ, ನೀವೊಬ್ಬರೇ ಯಾವುದು ಮುರಿಯುತ್ತದೆ ಎಂದು ಕಾದು ಕೂತಿದ್ದೀರಿ, ಪಕ್ಕದ ಮೇಜಿನವರು ನಿಮ್ಮನ್ನು ವಿಮೆ ಕಂಪನಿಯವರು ಅಂದುಕೊಂಡಿದ್ದಾರೆ ಎಂದ. ತನ್ನ ಬಳಿ ಅದೇ ನಮೂನೆಯದು ಇನ್ನೊಂದಿದೆ, ಹಳೆಯ ಚೌಕಟ್ಟು, ಎಂಜಿನ್ ಮಾತ್ರ ಹೊಚ್ಚ ಹೊಸದು, ಇನ್ನೂ ಒಮ್ಮೆಯೂ ಉಸಿರಾಡಿಲ್ಲ, ಬೇಕಾದರೆ ಕೊಡುತ್ತೇನೆ ಎಂದ. ಕೊಡುವಾಗ ಒಂದೇ ಎಚ್ಚರಿಕೆ ಹೇಳಿದ.

"ನೋಡಮ್ಮ, ಹೊಸ ಎಂಜಿನ್ನು. ಪಳಗೋ ತನಕ ಹೊಗೆ ಧಾರಾಳವಾಗಿ ಬರ್ತಿರಬೇಕು. ಇದಕ್ಕೆ ಎಣ್ಣೆ ಹೋಗೋದು ಇಂಧನದ ಜೊತೇಲೇ. ಹೊಗೆ ಇದೆ ಅಂದ್ರೆ ಒಳಗೆ ಎಣ್ಣೆ ಇದೆ ಅಂತ. ಇಂಧನ ಬಿಡೋ ಈ ತಿರುಪು ಬಿಗಿ ಮಾಡಿದ್ರೋ, ಎಂಜಿನ್ನು ಒಣಗಿ ಸತ್ತೇಹೋಗುತ್ತೆ."

ಸಾಹೇಬರೂ ಪಕ್ಕದಲ್ಲೇ ನಿಂತು ಇದನ್ನು ಕೇಳಿದರು. ಕಿವಿಗೆ ಬಿದ್ದದ್ದೆಲ್ಲ ತಲೆಗೂ ಹೋಗಬೇಕೆಂದು ಎಲ್ಲಿದೆ.

ಡ್ರೈವರಮ್ಮ ಅಲ್ಲಿ ಯಾರಿಗೂ ಫಿಟ್ಸಿನ ವಿಷಯ ಹೇಳಲಿಲ್ಲ. ಹೇಳಿದ ಕೂಡಲೇ ಬೇಕರಿಯವನ ನಗು ನಿಂತು ಆ ಮೆತ್ತನೆಯ ದನಿ ಬಂದುಬಿಡುತ್ತದೆ ಎಂದು ಅವಳಿಗೆ ಖಾತ್ರಿಯಿತ್ತು.

ಹಿತ್ತಲಿನಲ್ಲಿ ಬಗ್ಗಿ ಪಳಗಿಸುವ ಕೆಲಸ ಶುರುವಾಯಿತು. ಎಂಜಿನ್ನಿನ ತಲೆಗೆ ಪ್ಲಗ್ಗು ಕಾಯಿಸುವ ಕಡ್ಡಿ ಸಿಕ್ಕಿಸುವುದು, ಹಗ್ಗ ಎಳೆಯುವುದು, ಕೆಮ್ಮುತ್ತ ಎದ್ದ ಎಂಜಿನ್ನನ್ನು ಮೆಲ್ಲಗೆ ಗುರುಗುಟ್ಟಿಸುವುದು, ಟ್ಯಾಂಕು ಖಾಲಿಯಾದರೆ ಆರಲು ಬಿಡುವುದು. ಹೊಗೆಯೋ ಹೊಗೆ. ಒಗೆದು ಹಾಕಿದ ಬಟ್ಟೆಗೆಲ್ಲ ಹರಳೆಣ್ಣೆ ವಾಸನೆ. ಅತ್ತೆ ಮೂಗಿಗೆ ಬಟ್ಟೆ ಹಿಡಿದು ಬಂದು, ಇದೇನು ಕೂಸಿಗೆ ಎಣ್ಣೆ ನೀರು ಹಾಕಿದ ಹಾಗೆ ಮಾಡುತ್ತೀಯಲ್ಲ ಎಂದು ಗೊಣಗಿದರೂ, ಸೊಸೆಯ ಮುಖದ ಮೇಲಿನ ಮಸಿ ನೋಡಿ ಒಳಗೊಳಗೇ ನಕ್ಕರು. ಸಾಹೇಬರು ಮಾತ್ರ ಕಿಟಕಿಯ ಹಿಂದೆ ಸಂಕಟಪಡುತ್ತಿದ್ದರು. ಹೊಗೆ ಅವರ ಕಣ್ಣಿಗೆ ಬರೀ ಹೊಗೆಯಾಗಿ ಕಾಣುತ್ತಿರಲಿಲ್ಲ. ಅದು ಎಂಜಿನ್ನಿನ ಕಾಯಿಲೆ, ಅದೇ ಕಾಯಿಲೆ ಹೆಂಡತಿಯ ಶ್ವಾಸಕೋಶಕ್ಕೆ ಇಳಿಯುತ್ತಿದೆ.

ಒಂದು ಮಧ್ಯಾಹ್ನ ಮಾತ್ರೆಯ ಮಂಪರಿಗೆ ಅವಳು ಮಲಗಿದ್ದಳು. ಸಾಹೇಬರು ಹಿತ್ತಲಿಗೆ ಹೋದರು. ಸ್ವಲ್ಪ ಸರಿಮಾಡಿಟ್ಟರೆ ಎದ್ದಾಗ ಸಂತೋಷಪಡುತ್ತಾಳೆ ಎಂಬುದು ಅವರ ಎಣಿಕೆ. ನೋಡಿ ಕಲಿತಿದ್ದರಲ್ಲ, ಹಗ್ಗ ಎಳೆದರು, ಎಂಜಿನ್ ಎದ್ದಿತು. ತಿರುಪನ್ನು ಒಂದಿಷ್ಟು ಬಿಗಿ ಮಾಡಿದರು. ಹೊಗೆ ತೆಳುವಾಯಿತು. ಇನ್ನೊಂದಿಷ್ಟು. ದನಿ ಸ್ವಚ್ಛವಾಯಿತು. ಮತ್ತೂ ಒಂದಿಷ್ಟು. ಹೊಗೆ ಪೂರ್ತಿ ನಿಂತು, ಎಂಜಿನ್ನು ಗಾಜು ಕೊಯ್ದ ಹಾಗೆ ಚೂಪಾಗಿ ಹಾಡತೊಡಗಿತು. ತಪಾಸಣೆ ಕೇಂದ್ರದಲ್ಲಿ ಇಂಥ ಗಾಡಿ ಬಂದರೆ ಅವರು ಮಾಲೀಕನ ಕೈ ಕುಲುಕುತ್ತಿದ್ದರು.

ಒಳಗೆ ಡ್ರೈವರಮ್ಮ ನಿದ್ದೆಯಿಂದ ದಡಕ್ಕನೆ ಎದ್ದಳು. ಮಳೆ ಬಂದರೂ ಏಳದವಳು, ಎಂಜಿನ್ನಿನ ದನಿ ಬದಲಾದರೆ ಏಳದೆ ಇರುತ್ತಾಳೆಯೇ. ಬರಿಗಾಲಲ್ಲಿ ಓಡಿ ಬರುವಷ್ಟರಲ್ಲಿ ಕೀರಲು ದನಿಯೊಂದು ಎದ್ದು, ಎಲ್ಲ ಥಟ್ಟನೆ ನಿಂತಿತು. ಅವಳು ಬೆರಳ ತುದಿಯಿಂದ ಒಂದು ಹನಿ ನೀರು ಎಂಜಿನ್ನಿನ ತಲೆಗೆ ತಾಗಿಸಿದಳು. ಹನಿ ತಾಗಿದ ಕ್ಷಣವೇ ಸುಂಯ್ ಎಂದು ಮಾಯವಾಯಿತು. ಹಗ್ಗ ಎಳೆದಳು, ಅದು ಬರಲೇ ಇಲ್ಲ. ಎಂಜಿನ್ನು ಹಲ್ಲು ಕಚ್ಚಿಕೊಂಡು ಕೂತಿತ್ತು.

ಸಾಹೇಬರು ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ನಿಂತಿದ್ದರು. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಹೋಗಿ ಮೆಟ್ಟಿಲ ಮೇಲೆ ಕೂತಳು. ಆಮೇಲೆ ಹೇಳಿದಳು, "ಎಂಜಿನ್ ಹೋಯ್ತು ಅಂತ ನನಗೆ ಸಿಟ್ಟಿಲ್ಲ. ಎಂಜಿನ್ ಅಂದ್ಮೇಲೆ ಹೋಗುತ್ತೆ. ಇದೊಂದಾದ್ರೂ ನನ್ನ ಕೈಯಲ್ಲಿ ಇರುತ್ತೆ ಅಂದ್ಕೊಂಡಿದ್ದೆ. ಇದನ್ನೂ ಇಸ್ಕೊಂಡ್ರಲ್ಲ ನೀವು."

ಸಾಹೇಬರು ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತರು. ಕೈಯೆಲ್ಲ ಎಣ್ಣೆಯಾಗಿತ್ತು, ಒರೆಸಿಕೊಳ್ಳಲು ತೋಚಲಿಲ್ಲ.

"ಡಿಪೋದಿಂದ ಫೋನ್ ಬಂತಲ್ಲ ಅವತ್ತು," ಎಂದರು, "ಅವತ್ತಿಂದ ನನಗೆ ಏನನ್ನೂ ಹಾಗೇ ಬಿಡೋಕೆ ಧೈರ್ಯವೇ ಬರ್ತಿಲ್ಲ ಕಣೇ. ನೀನು ಮಲಗಿದ್ರೆ ಉಸಿರಾಡ್ತಿದೀಯಾ ಅಂತ ಬಗ್ಗಿ ನೋಡ್ತೀನಿ. ನಾನೊಂದು ಗಳಿಗೆ ಕಣ್ಣು ಬೇರೆ ಕಡೆ ತಿರುಗಿಸಿದ್ರೆ ಏನೋ ಆಗಿಬಿಡುತ್ತೆ ಅಂತ ಹೆದರಿಕೆ."

ಇದನ್ನು ಅವರು ಇಲ್ಲಿಯವರೆಗೆ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಅವಳ ಸಿಟ್ಟು ಪೂರ್ತಿ ಇಳಿಯಿತು ಎನ್ನುವಂತಿಲ್ಲ, ಆದರೆ ಜೊತೆಗೆ ಮರುಕವೂ ಬಂದು ಕೂತಿತು. ಪಾಪ, ಈ ಮನುಷ್ಯನೂ ನಿದ್ದೆಗೆಟ್ಟಿದ್ದಾನೆ ಎನಿಸಿತು. ನಾನು ಬೀಳುವುದಿದ್ದರೆ ನೀವು ನೋಡುತ್ತಿದ್ದರೂ ಬೀಳುತ್ತೇನೆ ಎಂದಳು. ಅವರು ಹೌದೆಂದು ತಲೆಯಾಡಿಸಿದರು. ತಲೆಯಾಡಿಸಿದ ಮಾತ್ರಕ್ಕೆ ಮನುಷ್ಯ ಬದಲಾಗುವುದಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

ಭಾನುವಾರ ಅವಳು ಸತ್ತ ಎಂಜಿನ್ನನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಟ್ರ್ಯಾಕಿಗೆ ಒಯ್ದಳು. ಬೇಕರಿಯವನು ಬಿಚ್ಚಿ ನೋಡಿ, ಯಾರಪ್ಪ ಈ ಪುಣ್ಯಾತ್ಮ ಎಂದ. ಅವಳು ಗಂಡನ ಕಡೆ ನೋಡದೆ, ಯಾರೋ ಹೊಗೆ ಕಂಡರಾಗದವರು ಎಂದಳು. ಅವಳು ಆರಿಸಿದ ನಮೂನೆಯ ಗುಣ ಆ ದಿನ ತಿಳಿಯಿತು. ಒಬ್ಬರು ಪಿಸ್ಟನ್ನು, ಅದರ ಕೊಳವೆ ತಂದರು. ಇನ್ನೊಬ್ಬರು ಪ್ಲಗ್ಗು ತಂದರು. ಮೂರನೆಯವರು ತರಲು ಏನೂ ಇಲ್ಲದೆ ಸಲಹೆ ತಂದರು. ಎಲ್ಲರೂ ಸುತ್ತ ನಿಂತು ಬಾಯಿ ಹಾಕಿದರು, ಕೈ ಯಾರೂ ಹಾಕಲಿಲ್ಲ. ನಿಮ್ಮ ಗಾಡಿ ನೀವೇ ಬಿಚ್ಚಿ ನೀವೇ ಕೂಡಿಸಬೇಕು, ಇಲ್ಲಿ ಹಾಗೇ ಎಂದ ಬೇಕರಿಯವನು. ಅವಳು ಬಿಚ್ಚಿದಳು, ಒರೆಸಿದಳು, ಕೂಡಿಸಿದಳು. ಸಾಹೇಬರು ಬೆಂಚಿನ ತುದಿಯಲ್ಲಿ ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತಿದ್ದರು, ಬಿಟ್ಟರೆ ಎಲ್ಲಿ ಹೊರಟುಬಿಡುತ್ತವೋ ಎಂಬಂತೆ.

ಎಂಜಿನ್ನು ಎರಡನೆಯ ಸಲ ಪಳಗಿತು. ಈ ಸಲ ಕಿಟಕಿಯ ಹಿಂದೆ ಯಾರೂ ಇರಲಿಲ್ಲ, ಇದ್ದರೂ ಪರದೆಯ ಮರೆಯಲ್ಲಿದ್ದರು.

ರೇಸಿಗೆ ಹೆಸರು ಬರೆಸಲು ಹೋದರೆ, ಟ್ರ್ಯಾಕಿನ ಉಸ್ತುವಾರಿ ನೋಡಿಕೊಳ್ಳುವ ಹಲ್ಲಿನ ಡಾಕ್ಟರು ಹೊಸ ಸುದ್ದಿ ಹೇಳಿದರು. ಹೀಗೆ ಇಂಧನ ಕುಡಿಯುವ ನೈಟ್ರೋ ಗಾಡಿಗೆ ಇಬ್ಬರು ಬೇಕು. ಒಬ್ಬರು ಅಟ್ಟಣೆಯ ಮೇಲೆ ಓಡಿಸಲು, ಇನ್ನೊಬ್ಬರು ಕೆಳಗೆ ನಿಂತು, ಗಾಡಿ ಬಂದಾಗ ಗಬಕ್ಕನೆ ಹಿಡಿದು ಟ್ಯಾಂಕು ತುಂಬಲು. ನಿಮಗೆ ಕೆಳಗೆ ಯಾರಿದ್ದಾರೆ ಎಂದು ಆಯಮ್ಮ ಕೇಳಿದಾಗ ಬೆಂಚಿನ ಕಡೆಯಿಂದ ಒಂದು ಕೈ ಅಳುಕುತ್ತ ಮೇಲೆದ್ದಿತು. ಡ್ರೈವರಮ್ಮ ಒಂದು ಕ್ಷಣ ಯೋಚಿಸಿದಳು.

"ಇಂಧನ ಹಾಕೋದು ಅಷ್ಟೇ," ಎಂದಳು. "ತಿರುಪು ಮುಟ್ಟಿದ್ರೆ ಅಲ್ಲಿಂದಲೇ ಮನೆಗೆ ಕಳಿಸ್ತೀನಿ."

ರೇಸಿನ ದಿನ ಅತ್ತೆಯೂ ಕೊಡೆ ಹಿಡಿದು ಬಂದರು. ಡ್ರೈವರಮ್ಮ ರಿಮೋಟ್ ಹಿಡಿದು ಅಟ್ಟಣೆ ಹತ್ತಿದಳು. ಗಾಡಿಗಳು ಹೊರಟವು. ಮೊದಲ ತಿರುವಿನಲ್ಲೇ ಎಲ್ಲವೂ ಒಂದರ ಮೇಲೊಂದು ಬಿದ್ದವು. ಡ್ರೈವರಮ್ಮನ ಬಗ್ಗಿ ಮಾತ್ರ ಹಿಂದೆ ಉಳಿದು, ಗೌರವದಿಂದ ಅಗಲವಾಗಿ ತಿರುವು ತೆಗೆದುಕೊಂಡಿತು. ಅವಳು ಓಡಿಸಿದ್ದು ಹಾಗೆ. ಬ್ರೇಕು ಹಾಕಿದರೆ ಒಳಗೆ ನಿಂತ ಪ್ರಯಾಣಿಕರು ತೂರಾಡಬಾರದು ಎನ್ನುವಷ್ಟು ಮೆತ್ತಗೆ. ದಿಬ್ಬ ಬಂದರೆ ಮುದುಕರು ಕೂತಿದ್ದಾರೆ ಎನ್ನುವಷ್ಟು ನಿಧಾನ. ಹಿಂದಿನಿಂದ ಯಾರಾದರೂ ಅವಸರದಲ್ಲಿ ಬಂದರೆ ಪಕ್ಕಕ್ಕೆ ಸರಿದು ದಾರಿ. ಅಟ್ಟಣೆಯ ಕೆಳಗೆ ತನ್ನ ಸರದಿಗೆ ಕಾಯುತ್ತಿದ್ದ ಬೇಕರಿಯವನು, ಅಮ್ಮಾ ಅದರಲ್ಲಿ ಯಾರೂ ಕೂತಿಲ್ಲ, ಸ್ವಲ್ಪ ತುಳಿಯಿರಿ ಎಂದ.

ಅವಳಿಗೆ ಒಳಗೊಳಗೇ ನಗು ಬಂತು. ಹೌದಲ್ಲ, ಯಾರೂ ಕೂತಿಲ್ಲ. ಬೆರಳು ಪೂರ್ತಿ ಒತ್ತಿದಳು. ಬಗ್ಗಿ ಒಂದು ಸಲ ಬಾಲ ಒದರಿ ಹಾರಿತು. ದಿಬ್ಬದಾಚೆ ನಾಲ್ಕೂ ಚಕ್ರ ಗಾಳಿಯಲ್ಲಿದ್ದಾಗ ಅವಳ ಹೊಟ್ಟೆಯೂ ಅದರ ಜೊತೆಯೇ ಮೇಲೆದ್ದಿತು. ಎಷ್ಟು ದಿನವಾಗಿತ್ತು ಹಾಗಾಗಿ. ಇಂಧನಕ್ಕೆ ಕರೆದಾಗ ಸಾಹೇಬರು ಬಗ್ಗಿಯನ್ನು ಹಿಡಿದು, ಬಾಟಲಿ ಹಿಚುಕಿ, ಮುಖಕ್ಕೆ ಬಂದ ಹೊಗೆಯನ್ನೆಲ್ಲ ಉಸಿರೆತ್ತದೆ ಕುಡಿದು, ಗಾಡಿಯನ್ನು ಮತ್ತೆ ಮಣ್ಣಿಗೆ ಬಿಟ್ಟರು. ತಿರುಪಿನ ಕಡೆ ಅವರ ಕಣ್ಣು ಹೋಯಿತು. ಕೈ ಹೋಗಲಿಲ್ಲ. ಗಂಟೆ ಬಾರಿಸಿದಾಗ ಅವಳ ಸ್ಥಾನ ಹಿಂದಿನಿಂದ ಹುಡುಕಿದರೆ ಬೇಗ ಸಿಗುವಂತಿತ್ತು, ಆದರೆ ಕೊನೆಯದಲ್ಲ. ಗಾಡಿ ಮುರಿದಿರಲಿಲ್ಲ. ಅವಳು ಮೆಟ್ಟಿಲಿಳಿಯುವಾಗ ಅತ್ತೆ ಕೊಡೆಯನ್ನು ಮೇಲೆ ಕೆಳಗೆ ಮಾಡಿ ಸಂಭ್ರಮಿಸುತ್ತಿದ್ದರು.

ಮುಗಿಯಿತು ಎಂದುಕೊಂಡರೆ ಮುಗಿದಿರಲಿಲ್ಲ. ಹಲ್ಲಿನ ಡಾಕ್ಟರು ಕಿತ್ತಳೆ ಬಣ್ಣದ ಅಂಗಿಗಳ ರಾಶಿ ಹಿಡಿದು ಬಂದರು. ಅಲ್ಲಿಯ ಕಟ್ಟುಪಾಡು ಹಾಗಿತ್ತು. ಒಂದು ರೇಸ್ ಓಡಿಸಿದವರು ಮುಂದಿನ ರೇಸಿಗೆ ಟ್ರ್ಯಾಕಿನ ತಿರುವುಗಳಲ್ಲಿ ಮಾರ್ಷಲ್ ಆಗಿ ನಿಲ್ಲಬೇಕು. ಮಗುಚಿದ ಗಾಡಿಗಳನ್ನು ಓಡಿಹೋಗಿ ಎತ್ತಿ ನೆಟ್ಟಗೆ ಮಾಡಿ ಬಿಡಬೇಕು. ಅಟ್ಟಣೆಯ ಮೇಲಿರುವವರು ಕೆಳಗಿಳಿಯುವಂತಿಲ್ಲ, ಮಾರ್ಷಲ್ ಬಂದರೆ ಬಂದ, ಇಲ್ಲದಿದ್ದರೆ ಅವರ ರೇಸ್ ಅಲ್ಲಿಗೆ ಮುಗಿಯಿತು.

ಅವಳಿಗಿಂತ ಮೊದಲು ಸಾಹೇಬರು ಮುಂದೆ ಬಂದರು. ಅವಳ ಬದಲು ನಾನು ನಿಲ್ಲುತ್ತೇನೆ ಎಂದು ಅಂಗಿಗೆ ಕೈಚಾಚಿದರು. ಓಡಿಸಿದವರೇ ನಿಲ್ಲಬೇಕು, ನೀವೇಕೆ ಎಂದು ಡಾಕ್ಟರು ಹುಬ್ಬೇರಿಸಿದರು. ಸಾಹೇಬರು ಹೆಂಡತಿಯ ಮುಖ ನೋಡಿ ತಡವರಿಸಿದರು.

ಅವರು ಯಾಕೆ ಮುಂದೆ ಬಂದರೆಂದು ಡ್ರೈವರಮ್ಮನಿಗೆ ಗೊತ್ತಿತ್ತು. ಸುಮ್ಮನಿದ್ದು ನಿಂತುಬಿಡಬಹುದಿತ್ತು. ಆದರೆ ಇನ್ನೊಬ್ಬರು ತಮ್ಮ ಗಾಡಿಯ ಭಾರ ತನ್ನ ಮೇಲೆ ಹಾಕಿರುವಾಗ ಮುಚ್ಚಿಡುವುದು ಸರಿಯಲ್ಲ, ಅಷ್ಟು ವರ್ಷ ಜನರನ್ನು ಹೊತ್ತು ತಿರುಗಿದ್ದಕ್ಕೆ ಅಷ್ಟಾದರೂ ಬೇಡವೇ. ಹೇಳಿದರೆ ಎಲ್ಲ ಇಲ್ಲಿಗೇ ಮುಗಿಯುತ್ತದೆ ಎಂದು ಗೊತ್ತಿದ್ದೇ ಬಾಯಿ ತೆರೆದಳು.

"ಡಾಕ್ಟ್ರೇ, ನನಗೆ ಫಿಟ್ಸ್ ಬಂದಿತ್ತು. ಅದಕ್ಕೇ ಬಸ್ಸು ಬಿಟ್ಟೆ. ಈಗ ಮಾತ್ರೆ ತಗೊಳ್ತಿದೀನಿ, ಆಮೇಲೆ ಬಂದಿಲ್ಲ. ಆದ್ರೆ ನಿಮಗೆ ಗೊತ್ತಿರಲಿ."

ಬೇಕರಿಯವನು ಅಲ್ಲೇ ಇದ್ದ, ಮುಂದಿನ ರೇಸಿಗೆ ಹತ್ತಲು ರಿಮೋಟ್ ಹಿಡಿದು. ಅವಳು ಅವನ ಮುಖ ನೋಡಲಿಲ್ಲ. ಡಾಕ್ಟರು ಒಂದು ಕ್ಷಣ ಟ್ರ್ಯಾಕಿನ ಕಡೆ ನೋಡಿ ಲೆಕ್ಕ ಹಾಕಿದರು.

"ಹಾಗಾದ್ರೆ ಎತ್ತರದ ದಿಬ್ಬದ ಕಡೆ ಬೇಡ. ನನ್ನ ಮೇಜಿನ ಎದುರಿನ ತಿರುವು ತಗೊಳ್ಳಿ, ಅಲ್ಲಿ ನೆರಳೂ ಇದೆ," ಎಂದರು. ದನಿಯಲ್ಲಿ ಮೆತ್ತನೆಯದೇನೂ ಇರಲಿಲ್ಲ. "ಗ್ಲೌಸ್ ಹಾಕ್ಕೊಳ್ಳಿ, ಎಂಜಿನ್ನು ಸುಡುತ್ತೆ. ಬೇಗ ಹೋಗಿ, ಟೈಮಾಯ್ತು."

"ನನ್ನ ಗಾಡಿ ಮಗುಚೋದೇ ಆ ತಿರುವಲ್ಲಿ," ಎಂದ ಬೇಕರಿಯವನು. "ನಿದ್ದೆ ಮಾಡ್ಬೇಡಿ ಮತ್ತೆ."

ಕಿತ್ತಳೆ ಅಂಗಿ ಅವಳ ಕೈಗೆ ಬಂತು. ಅವಳು ಅದನ್ನು ತೊಟ್ಟುಕೊಂಡು, ಬಗ್ಗಿಯನ್ನೂ ರಿಮೋಟನ್ನೂ ಗಂಡನ ಕೈಗೆ ಕೊಟ್ಟು, ತಿರುವಿನಲ್ಲಿ ಹೋಗಿ ನಿಂತಳು. ಸಾಹೇಬರು ಬೇಲಿಗೆ ಅಂಟಿಕೊಂಡು ನಿಂತರು. ಅವರ ಕಣ್ಣು ತನ್ನ ಬೆನ್ನಿಗೆ ನೆಟ್ಟಿರುವುದು ಅವಳಿಗೆ ತಿರುಗಿ ನೋಡದೆಯೂ ಗೊತ್ತಾಗುತ್ತಿತ್ತು.

ರೇಸ್ ಶುರುವಾಯಿತು. ಬೇಕರಿಯವನು ಎಲ್ಲರಿಗಿಂತ ಮುಂದಿದ್ದ. ಕೆಲವು ಸುತ್ತು ಮೇಲೆ ಮೇಲೆ ಹಾರಿಸಿದ, ಆಮೇಲೆ ಹೇಳಿದ ಮಾತಿಗೆ ತಪ್ಪದೆ ಅದೇ ತಿರುವಿನಲ್ಲಿ ಗಾಡಿಯನ್ನು ಅಂಗಾತ ಕೆಡವಿದ. ಚಕ್ರ ನಾಲ್ಕೂ ಆಕಾಶಕ್ಕೆ, ಎಂಜಿನ್ನು ಬಾಯಿ ಬಡಿದುಕೊಳ್ಳುತ್ತಿದೆ, ಎರಡನೆಯ ಗಾಡಿ ಹಿಂದೆಯೇ ಬರುತ್ತಿದೆ. ಡ್ರೈವರಮ್ಮ ಒಂದು ಹೆಜ್ಜೆ ಇಟ್ಟು ತಡೆದಳು. ಬರುತ್ತಿದ್ದ ಗಾಡಿಯನ್ನು ಹೋಗಬಿಟ್ಟಳು. ಆಮೇಲೆ ಓಡಿದಳು. ಬಿಸಿ ತಾಗದ ಕಡೆ ಹಿಡಿದು ಎತ್ತಿ, ತಿರುವಿ, ಮೂತಿಯನ್ನು ದಾರಿಯ ಕಡೆಗೆ ಮಾಡಿ ನೆಲಕ್ಕೆ ಇಟ್ಟಳು. ಕೈ ತೆಗೆಯುವುದರೊಳಗೆ ಅದು ಅವಳ ಮೊಣಕಾಲಿಗೆ ಮಣ್ಣೆರಚಿ ಹೊರಟುಹೋಯಿತು. ಅವಳು ಹಿಂದೆ ಹಾರಿ ತನ್ನ ಜಾಗಕ್ಕೆ ಬಂದಳು. ಏದುಸಿರು ಬರುತ್ತಿತ್ತು. ಅಷ್ಟೇ, ಬೇರೇನೂ ಆಗಲಿಲ್ಲ.

ಅಭ್ಯಾಸಬಲದಿಂದ ಅವಳು ಒಮ್ಮೆ ಸುತ್ತ ನೋಡಿದಳು, ಯಾರು ಓಡಿ ಬರುತ್ತಿದ್ದಾರೆ ಎಂದು. ಯಾರೂ ಬರುತ್ತಿರಲಿಲ್ಲ. ಡಾಕ್ಟರು ಸುತ್ತುಗಳ ಲೆಕ್ಕದಲ್ಲಿ ತಲೆ ತಗ್ಗಿಸಿದ್ದರು. ಬೇಕರಿಯವನು ಅಟ್ಟಣೆಯ ಮೇಲಿಂದ ತನ್ನ ಗಾಡಿಯನ್ನೇ ನುಂಗುವಂತೆ ನೋಡುತ್ತಿದ್ದ. ಅತ್ತೆ ಪಕ್ಕದ ಹೆಂಗಸಿಗೆ ಕೊಡೆಯಿಂದ ಏನೋ ತೋರಿಸಿ ವಿವರಿಸುತ್ತಿದ್ದರು. ಬೇಲಿಯ ಬಳಿ ಅವಳ ಗಂಡ, ಬಗ್ಗಿಯನ್ನು ಕಂಕುಳಲ್ಲಿ ಅವಚಿಕೊಂಡು, ಬಾಯಿ ತೆರೆದುಕೊಂಡು, ಕತ್ತು ಉದ್ದ ಮಾಡಿ ಬೇಕರಿಯವನ ಗಾಡಿ ಮೊದಲನೆಯದನ್ನು ಹಿಡಿಯುತ್ತದೋ ಇಲ್ಲವೋ ಎಂದು ಟ್ರ್ಯಾಕಿನ ಆಚೆ ತುದಿ ನೋಡುತ್ತಿದ್ದರು. ಅವಳು ಅಲ್ಲಿ ನಿಂತಿರುವುದು ಅವರಿಗೆ ಮರೆತೇಹೋಗಿತ್ತು.

ಡ್ರೈವರಮ್ಮನ ಕಣ್ಣು ತುಂಬಿ ಬಂತು. ಗ್ಲೌಸಿನ ಹಿಂಬದಿಯಿಂದ ಒರೆಸಿಕೊಂಡು, ಕಾಲು ಊರಿ, ಬರುತ್ತಿದ್ದ ಗಾಡಿಗಳ ಕಡೆ ತಿರುಗಿದಳು.